ಉಳಿಸಿ, ಅಳಿಸಿ

ಕಳೆದ ಬೇಸಗೆಯ ರಜೆಯಲ್ಲಿ ಆನೆಗೊಂದಿಯ ನಮ್ಮ ಸೋದರತ್ತೆಯ ಮನೆಯಲ್ಲಿ ಎಂಟು ದಿನ ಇದ್ದೆ. ಆಗ ನಡೆದ ಒಂದು ಸಣ್ಣ ಸಂಗತಿಯಿಂದ ಈ ಬರಹ ಹುಟ್ಟಿತು. ಸಣ್ಣ ಸಂಗತಿ ಎಂದು ನಾನು ಹೇಳಬಹುದು. ಅತ್ತೆ ಹಾಗೆ ಹೇಳಲಾರರು.

ಅತ್ತೆಗೆ ಅರವತ್ತು ದಾಟಿದೆ. ಊರಿನ ಹದಿನೈದು ಮಂದಿ ಹೆಂಗಸರು ಕೂಡಿ ಕಟ್ಟಿಕೊಂಡಿರುವ ಒಂದು ಸಂಘದ ಲೆಕ್ಕವನ್ನು ಹನ್ನೊಂದು ವರ್ಷಗಳಿಂದ ಅವರೇ ನೋಡಿಕೊಳ್ಳುತ್ತಿದ್ದಾರೆ. ವಾರಕ್ಕೊಮ್ಮೆ ಎಲ್ಲರೂ ಪಡಸಾಲೆಯಲ್ಲಿ ಕೂಡುತ್ತಾರೆ. ತಲೆಗೆ ನೂರು ರೂಪಾಯಿ ಕೊಡುತ್ತಾರೆ. ಬೇಕಾದವರು ಸಾಲ ಪಡೆಯುತ್ತಾರೆ. ಅವರಲ್ಲಿ ಕೆಲವರು ಗದ್ದೆಯ ಕೂಲಿಗೆ ಹೋಗುವವರು, ಕೆಲವರು ಬಾಳೆಯ ನಾರಿನಿಂದ ಚೀಲ, ಚಾಪೆಗಳನ್ನು ಹೆಣೆಯುವವರು. ನೂರು ರೂಪಾಯಿ ಅವರಿಗೆ ಹಗುರವಾದ ಹಣವಲ್ಲ. ಹತ್ತು ವರ್ಷ ಆ ಲೆಕ್ಕವೆಲ್ಲ ಕೆಂಪು ಬಟ್ಟೆಯ ರಟ್ಟಿನ ಪುಸ್ತಕವೊಂದರಲ್ಲಿ ನಡೆಯಿತು. ಹೋದ ವರ್ಷ ಊರಿನ ಹುಡುಗನೊಬ್ಬ ಅತ್ತೆಯ ಮೊಬೈಲಿನಲ್ಲಿ ಒಂದು ಲೆಕ್ಕದ ಆ್ಯಪನ್ನು ಹಾಕಿಕೊಟ್ಟ. ಕೂಡುವ ಕಳೆಯುವ ಕಷ್ಟ ತಪ್ಪಿತೆಂದು ಅತ್ತೆಗೂ ಸಂತೋಷವಾಯಿತು.

ಒಂದು ಸಂಜೆ ಕರೆಂಟು ಹೋದ ಹೊತ್ತಿನಲ್ಲಿ, ಆ ವಾರದ ಲೆಕ್ಕವನ್ನು ಬರೆದು ಮುಗಿಸಿ, ಅತ್ತೆ ‘ಉಳಿಸಿ’ ಎಂಬ ಗುಂಡಿಯನ್ನು ಒತ್ತಹೋಗಿ ಅದರ ಪಕ್ಕದ ‘ಅಳಿಸಿ’ ಎಂಬುದನ್ನು ಒತ್ತಿದರು. ಯಂತ್ರವು ‘ಖಚಿತವೆ?’ ಎಂದು ಕೇಳಿತು. ಅತ್ತೆಗೆ ಸಂದೇಹವಿರಲಿಲ್ಲ, ಲೆಕ್ಕವನ್ನು ಎರಡು ಸಲ ತಾಳೆ ನೋಡಿದ್ದರು. ‘ಹೌದು’ ಎಂದು ಒತ್ತಿದರು. ಮೂರು ತಿಂಗಳ ಲೆಕ್ಕ ಮಾಯವಾಯಿತು.

ಮುಂದಿನ ವಾರ ಸಂಘ ಕೂಡಿದಾಗ ಎಲ್ಲವನ್ನೂ ನೆನಪಿನಿಂದ ಮತ್ತೆ ಬರೆಯಬೇಕಾಯಿತು. ಯಾರು ಎಷ್ಟು ಕೊಟ್ಟರು, ಯಾರ ಸಾಲ ಎಷ್ಟು ತೀರಿತು ಎಂಬುದರಲ್ಲಿ ನಾಲ್ಕೈದು ಕಡೆ ಮಾತು ಹೊಂದಲಿಲ್ಲ. ಆ ದಿನದ ವಿಚಾರವನ್ನು ಅತ್ತೆ ನನಗೆ ಹೇಳಿದ್ದು ಹೀಗೆ: “ಬಾಯಿಲೆ ಯಾರೂ ಏನೂ ಅನ್ಲಿಲ್ಲಪಾ. ಆದ್ರ ಅವತ್ತ ಎಲ್ಲಾರೂ ತಮ್ಮ ತಮ್ಮ ರೊಕ್ಕ ನನ್ನ ಮುಂದ ಎರಡೆರಡು ಸಲ ಎಣಿಸಿ ಕೊಟ್ಟು ಹೋದ್ರು. ಹನ್ನೊಂದು ವರ್ಸದಾಗ ಹಂಗ ಆಗಿದ್ದಿಲ್ಲ.”

ಆ ಆ್ಯಪನ್ನು ಮಾಡಿದ ಹುಡುಗ ಯಾರೆಂದು ವಿಚಾರಿಸಿದೆ. ಅವನು ನನ್ನ ಹಳೆಯ ವಿದ್ಯಾರ್ಥಿಯೇ ಆಗಿದ್ದ. ಪದವಿಯ ತರಗತಿಯಲ್ಲಿ ಎರಡು ವರ್ಷ ನನ್ನ ಕನ್ನಡ ಪಾಠವನ್ನು ಕೇಳಿ, ಆಮೇಲೆ ಬೆಂಗಳೂರಿಗೆ ಹೋಗಿ, ಮೊಬೈಲಿನ ಪರದೆಗಳ ವಿನ್ಯಾಸವನ್ನೇ ಉದ್ಯೋಗವಾಗಿ ಹಿಡಿದವನು. ಆಗ ಅವನೂ ಊರಿಗೆ ಬಂದಿದ್ದ. ಕರೆಸಿದೆ. ಬಂದು, ಕಟ್ಟೆಯ ಮೇಲೆ ಕುಳಿತು, ತಲೆ ತಗ್ಗಿಸಿಕೊಂಡೇ ಎಲ್ಲವನ್ನೂ ಕೇಳಿದ. ಬಳಿಕ ತಾನು ಅದನ್ನು ಹೇಗೆ ಮಾಡಿದೆನೆಂಬುದನ್ನು ಮುಚ್ಚುಮರೆಯಿಲ್ಲದೆ ವಿವರಿಸಿದ.

“ಸರ್, ನಮ್ಮ ಕಸುಬಿನಾಗ ಯಾರೂ ಖಾಲಿ ಹಾಳಿ ಮುಂದ ಕುಂಡ್ರಂಗಿಲ್ರಿ. ಮೊದ್ಲ ನೂರು ನೋಡ್ತೀವಿ, ಆಮ್ಯಾಲೆ ಒಂದು ಮಾಡ್ತೀವಿ” ಎಂದ.

ಈ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಕಾವ್ಯಮೀಮಾಂಸೆಯ ಪಾಠದಲ್ಲಿ ನಾನೇ ಎಷ್ಟೋ ಸಲ ಹೇಳಿದ ಮಾತು ಅದು.

* * *

ವಾಚಕರಲ್ಲಿ ಈ ಕಸುಬಿನ ಪರಿಚಯವಿಲ್ಲದವರೂ ಇರಬಹುದು; ಅವರಿಗಾಗಿ ಎರಡು ಮಾತು. ಮೊಬೈಲಿನ ಒಂದೊಂದು ಆ್ಯಪೂ ಹಲವು ಪರದೆಗಳ ಸರಣಿ. ಒಳಗೆ ಬರಮಾಡಿಕೊಳ್ಳುವ ಪರದೆ ಒಂದು, ಹೆಸರು ಕೇಳುವುದು ಒಂದು, ಪಟ್ಟಿ ತೋರಿಸುವುದು ಒಂದು, ತಪ್ಪಾದಾಗ ತಿಳಿಸುವುದು ಇನ್ನೊಂದು. ಯಾವ ಪರದೆಯಲ್ಲಿ ಏನಿರಬೇಕು, ಗುಂಡಿ ಎಲ್ಲಿರಬೇಕು, ಅಕ್ಷರ ಎಷ್ಟು ದಪ್ಪವಿರಬೇಕು ಎಂಬುದನ್ನು ನಿಶ್ಚಯಿಸುವವನೇ ವಿನ್ಯಾಸಕಾರ. ಅವನು ಕೆಲಸಕ್ಕೆ ತೊಡಗುವ ಮುನ್ನ ಈಗಾಗಲೇ ಬಳಕೆಯಲ್ಲಿರುವ ಆ್ಯಪ್‌ಗಳ ಪರದೆಗಳನ್ನು ಹುಡುಕಿ ನೋಡುತ್ತಾನೆ. ಇದಕ್ಕಾಗಿಯೇ ದೊಡ್ಡ ದೊಡ್ಡ ಸಂಗ್ರಹಗಳಿವೆ. ಮೊಬಿನ್ ಎಂಬ ಸಂಗ್ರಹದಲ್ಲಿ ಸಾವಿರಕ್ಕೂ ಮಿಕ್ಕ ಆ್ಯಪ್‌ಗಳ ಲಕ್ಷಗಟ್ಟಲೆ ಪರದೆಗಳನ್ನು ಚಿತ್ರ ತೆಗೆದು, ಬಗೆಬಗೆಯಾಗಿ ವಿಂಗಡಿಸಿ ಇಟ್ಟಿದ್ದಾರೆ. ಹಣಕಾಸಿನವು ಬೇಕೆಂದರೆ ಹಣಕಾಸಿನವು. ಬರಿಯ ಕ್ಯಾಲೆಂಡರುಗಳು ಬೇಕೆಂದರೆ ಬರಿಯ ಕ್ಯಾಲೆಂಡರುಗಳು. ಕೊಳ್ಳುವುದರಿಂದ ಹಿಡಿದು ಹಣ ಸಲ್ಲಿಸುವವರೆಗಿನ ಎಲ್ಲ ಮೆಟ್ಟಿಲುಗಳೂ ಸಾಲಾಗಿ ಬೇಕೆಂದರೆ ಹಾಗೆ. ನಿಘಂಟಿನಲ್ಲಿ ಪದವನ್ನು ಹುಡುಕುವ ಕವಿಯಂತೆ ವಿನ್ಯಾಸಕಾರನು ಇವುಗಳಲ್ಲಿ ಪರದೆಯನ್ನು ಹುಡುಕುತ್ತಾನೆ.

ಇದನ್ನು ಕಳ್ಳತನವೆಂದು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ಬಳಸುವವರ ಕೈಗೆ ಒಂದು ಅಭ್ಯಾಸ ಕೂತಮೇಲೆ ಅದನ್ನು ಕಾರಣವಿಲ್ಲದೆ ಮುರಿಯುವುದು ಅವರಿಗೆ ಹಿಂಸೆ. ಪಟ್ಟಿಯನ್ನು ಬೆರಳಿನಿಂದ ಕೆಳಕ್ಕೆ ಎಳೆದು ಬಿಟ್ಟರೆ ಹೊಸ ಸುದ್ದಿ ಬರುತ್ತದೆ ಎಂಬುದು ಇಂದು ಮಕ್ಕಳಿಗೂ ಗೊತ್ತು. 2007ರಲ್ಲಿ ಐಫೋನು ಬಂದ ಕೆಲವೇ ವರ್ಷಗಳಲ್ಲಿ ಲೋರೆನ್ ಬ್ರಿಕ್ಟರ್ ಎಂಬವನು ‘ಟ್ವೀಟಿ’ ಎಂಬ ತನ್ನ ಆ್ಯಪ್‌ನಲ್ಲಿ ಅಳವಡಿಸಿದ ಉಪಾಯ ಅದು. ಇತರರು ಅದನ್ನು ತೆಗೆದುಕೊಳ್ಳದೆ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದಿದ್ದರೆ ನಾವು ಆ್ಯಪಿಗೊಂದರಂತೆ ಕೈಯನ್ನು ಪಳಗಿಸಬೇಕಾಗುತ್ತಿತ್ತು. ಷಟ್ಪದಿಯನ್ನು ಒಬ್ಬ ಕವಿ ಬಳಸಿದನೆಂದು ಮತ್ತೊಬ್ಬ ಬಿಡುತ್ತಾನೆಯೆ?

ದೊಡ್ಡವರ ಚರಿತ್ರೆಯೂ ಇದೇ. ಇಂದು ನಾವು ಗಣಕದಲ್ಲಿ ನೋಡುವ ಕಿಟಕಿಗಳು, ಚಿತ್ರಸಂಕೇತಗಳು, ಕೈಯಲ್ಲಿ ಹಿಡಿದು ಆಡಿಸುವ ಮೌಸು ಇವೆಲ್ಲ ಒಬ್ಬರ ಸ್ವಂತ ಸೃಷ್ಟಿಯಲ್ಲ. ಡಗ್ಲಾಸ್ ಎಂಗೆಲ್‌ಬಾರ್ಟ್ ಮೌಸನ್ನು ಸಾರ್ವಜನಿಕವಾಗಿ ತೋರಿಸಿದ್ದು 1968ರಲ್ಲಿ. ಅದನ್ನು ಮುಂದುವರಿಸಿ ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನಾಲಯದವರು 1973ರಲ್ಲಿ ‘ಆಲ್ಟೊ’ ಎಂಬ ಯಂತ್ರವನ್ನು ಕಟ್ಟಿದರು. 1979ರಲ್ಲಿ ಆಪಲ್ ಸಂಸ್ಥೆಯವರು ಅಲ್ಲಿಗೆ ಹೋಗಿ ನೋಡಿ ಬಂದರು. 1984ರಲ್ಲಿ ಅವರ ‘ಮ್ಯಾಕಿಂಟಾಷ್’ ಹೊರಬಂತು. ನೋಡಹೋದವರಲ್ಲಿ ಬಿಲ್ ಆಟ್ಕಿನ್‌ಸನ್ ಎಂಬ ತಂತ್ರಜ್ಞ ಒಬ್ಬ. ಒಂದರ ಮೇಲೊಂದು ಬಿದ್ದ ಕಿಟಕಿಗಳಲ್ಲಿ ಮರೆಯಾದ ಭಾಗವು ತಾನಾಗಿ ಸರಿಯಾಗಿ ಮೂಡುವುದನ್ನು ಅಲ್ಲಿ ಕಂಡೆನೆಂದು ಅವನು ನಂಬಿದ್ದ. ತಲೆಕೆಡಿಸಿಕೊಂಡು ಅದನ್ನು ಸಾಧಿಸಿಯೂ ಬಿಟ್ಟ. ಆಮೇಲೆ ತಿಳಿದುಬಂದದ್ದೇನೆಂದರೆ, ಜೆರಾಕ್ಸಿನವರ ಯಂತ್ರದಲ್ಲಿ ಅದು ಇರಲೇ ಇಲ್ಲ! ಕಂಡದ್ದನ್ನು ಮಾತ್ರವಲ್ಲ, ಕಂಡೆನೆಂದುಕೊಂಡದ್ದನ್ನೂ ಅವನು ತಂದಿದ್ದ. ಇನ್ನೊಂದು ವಿನೋದವೆಂದರೆ, 1988ರಲ್ಲಿ ಮೈಕ್ರೋಸಾಫ್ಟಿನವರು ತಮ್ಮ ಪರದೆಗಳನ್ನು ನಕಲು ಮಾಡಿದರೆಂದು ಇದೇ ಆಪಲ್‌ನವರು ನ್ಯಾಯಾಲಯಕ್ಕೆ ಹೋದರು. ಆ ವ್ಯಾಜ್ಯದಲ್ಲಿ ಅವರು ಗೆಲ್ಲಲಿಲ್ಲ.

* * *

ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ 1953ರಲ್ಲಿ ಬಂದಂದಿನಿಂದ ನಮ್ಮ ಕನ್ನಡ ವಿದ್ಯಾರ್ಥಿಗಳಿಗೆ ಆನಂದವರ್ಧನನ ಹೆಸರು ಹೊಸದಲ್ಲ. 9ನೆಯ ಶತಮಾನದ ಆ ಕಾಶ್ಮೀರದ ಆಚಾರ್ಯ ‘ಧ್ವನ್ಯಾಲೋಕ’ದ ಕೊನೆಯ ಭಾಗದಲ್ಲಿ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳುತ್ತಾನೆ. ಹಿಂದಿನವರು ಇಷ್ಟೆಲ್ಲ ಬರೆದಿರುವಾಗ ಹೊಸಬನಿಗೆ ಹೊಸದು ಎಲ್ಲಿ ಉಳಿದಿದೆ? ಒಬ್ಬರ ಕಾವ್ಯ ಮತ್ತೊಬ್ಬರದನ್ನು ಹೋತರೆ ಅದು ದೋಷವೆ? ಅವನು ಹೋಲಿಕೆಯಲ್ಲಿ ಮೂರು ಬಗೆ ಹೇಳುತ್ತಾನೆ. ಮೊದಲನೆಯದು ಕನ್ನಡಿಯ ಪ್ರತಿಬಿಂಬದಂತೆ. ಅದಕ್ಕೆ ತನ್ನದೆಂಬ ಜೀವವೇ ಇಲ್ಲ. ಎರಡನೆಯದು ಚಿತ್ರದಂತೆ, ಅಲ್ಲಿ ಜೀವ ಇದ್ದರೂ ಅತ್ಯಲ್ಪ. ಮೂರನೆಯದು ಒಬ್ಬ ಮನುಷ್ಯ ಮತ್ತೊಬ್ಬ ಮನುಷ್ಯನನ್ನು ಹೋಲುವಂತೆ. ಅಂಗಾಂಗಗಳು ಒಂದೇ ಬಗೆಯವಾದರೂ ಇವನ ಜೀವ ಬೇರೆ, ಅವನ ಜೀವ ಬೇರೆ. ಮೊದಲಿನ ಎರಡನ್ನೂ ಕವಿ ಬಿಡಬೇಕು, ಮೂರನೆಯದಕ್ಕೆ ಅಂಜಬೇಕಾಗಿಲ್ಲ.

ನಮ್ಮ ಸಾಹಿತ್ಯದ ಆದಿಯೇ ಈ ಮೂರನೆಯ ದಾರಿಯಲ್ಲಿದೆ. ‘ಕವಿರಾಜಮಾರ್ಗ’ ದಂಡಿಯ ‘ಕಾವ್ಯಾದರ್ಶ’ವನ್ನು ಬಹುವಾಗಿ ಆಶ್ರಯಿಸಿದ ಗ್ರಂಥ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಹೇಳುವ, ತಿರುಳುಗನ್ನಡದ ನೆಲೆಗಳಲ್ಲಿ ನಮ್ಮ ಕೊಪ್ಪಳವನ್ನು ‘ಕೊಪಣನಗರ’ವೆಂದು ಹೆಸರಿಸುವ, ಕನ್ನಡಿಗರ ನುಡಿಯ ಜಾಣ್ಮೆಯನ್ನು ಹೊಗಳುವ ಭಾಗ ದಂಡಿಯಲ್ಲಿ ಎಲ್ಲಿಂದ ಬರಬೇಕು? ಚೌಕಟ್ಟು ಅಲ್ಲಿಯದು, ಉಸಿರು ಇಲ್ಲಿಯದು. ಪಂಪ 941ರಲ್ಲಿ ಮುಗಿಸಿದ ಭಾರತದ ಹದಿಮೂರನೆಯ ಆಶ್ವಾಸವು ರನ್ನನ ಗದಾಯುದ್ಧಕ್ಕೆ ಬೀಜವಾಯಿತೆಂಬುದನ್ನು ತರಗತಿಯಲ್ಲಿ ಹೇಳದ ಕನ್ನಡ ಉಪಾಧ್ಯಾಯರಿಲ್ಲ. ಆದರೂ ದುರ್ಯೋಧನನ ಅಳಲಿಗೆ ರನ್ನ ಕೊಟ್ಟ ತೂಕ ರನ್ನನದೇ.

ಕಲ್ಲಿನ ಕೆಲಸದಲ್ಲಿಯೂ ಹೀಗೆಯೇ. ಆನೆಗೊಂದಿಯ ಗಗನ ಮಹಲನ್ನು, ಹೊಳೆಯಾಚೆಯ ಹಂಪಿಯ ಕಮಲ ಮಹಲನ್ನು ನೋಡಿದವರಿಗೆ ಈ ಮಾತು ಬೇಗ ಮನಗಾಣುತ್ತದೆ. ಕಮಲ ಮಹಲಿನ ಕಮಾನುಗಳು ಸುಲ್ತಾನರ ಸೀಮೆಯವು. ಮೇಲೆ ಮೆಟ್ಟಿಲುಮೆಟ್ಟಿಲಾಗಿ ಏರುವ ಶಿಖರಗಳು ದೇವಾಲಯದವು. ಯುದ್ಧ ಮಾಡುತ್ತಿದ್ದವರಿಂದಲೂ ವಿಜಯನಗರದವರು ಮಾದರಿಗಳನ್ನು ತೆಗೆದುಕೊಂಡರು. ತಮ್ಮ ಬಿಸಿಲಿಗೆ, ತಮ್ಮ ಕಲ್ಲಿಗೆ, ತಮ್ಮ ಕಣ್ಣಿಗೆ ಒಗ್ಗಿಸಿಕೊಂಡರು.

ಇನ್ನು ಮಾದರಿಗಳ ಸಂಗ್ರಹವೂ ಹೊಸ ಕಲ್ಪನೆಯೇನಲ್ಲ. ನಮ್ಮ ಜಿಲ್ಲೆಯ ಇಟಗಿಗೆ ಹೋಗಿ 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯದ ಹೊರಗೋಡೆಯನ್ನು ಸಾವಧಾನವಾಗಿ ನೋಡಿರಿ. ‘ದೇವಾಲಯ ಚಕ್ರವರ್ತಿ’ ಎಂದು ಶಾಸನವೇ ಹೊಗಳಿದ ಗುಡಿ ಅದು. ಅದರ ಗೋಡೆಗಂಬಗಳ ಮೇಲೆ, ಕೋಷ್ಠಗಳ ಮೇಲೆ ಗೇಣುದ್ದದ ಪುಟ್ಟ ಪುಟ್ಟ ಗೋಪುರಗಳನ್ನು ಬಿಡಿಸಿದ್ದಾರೆ. ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳಿಗೆ ಇದೊಂದು ಪ್ರಿಯವಾದ ಪದ್ಧತಿ. ತಮಗೆ ತಿಳಿದಿದ್ದ ನಾನಾ ಬಗೆಯ ಶಿಖರಗಳ ಕಿರುರೂಪಗಳನ್ನು ಅವರು ಗುಡಿಯ ಮೈಮೇಲೆ ಕೆತ್ತುತ್ತಿದ್ದರು. ಮುಂದಿನ ತಲೆಮಾರಿನ ಶಿಲ್ಪಿಯ ಮಗ ಅಲ್ಲಿ ನಿಂತು ನೋಡಿದರೆ ಅವನಿಗೆ ಆ ಗೋಡೆಯೇ ಪಾಠದ ಪುಸ್ತಕ.

ಆದುದರಿಂದ ನನ್ನ ಶಿಷ್ಯ ನೂರು ಪರದೆಗಳನ್ನು ನೋಡಿದನೆಂಬುದು ಅವನ ತಪ್ಪಾಗಿರಲಿಲ್ಲ. ಹಾಗಾದರೆ ತಪ್ಪು ಎಲ್ಲಿ?

* * *

ಅಂದು ಸಂಜೆ ಅವನು ತಾನು ಮಾದರಿಯಾಗಿ ಆರಿಸಿಕೊಂಡಿದ್ದ ಪರದೆಯನ್ನು ನನಗೆ ತೋರಿಸಿದ. ಇಂಗ್ಲಿಷಿನದು, ಬಹಳ ಚೆಲುವಾದುದು. ಕೆಳಗೆ ಅಕ್ಕಪಕ್ಕದಲ್ಲಿ ಒಂದೇ ಅಳತೆಯ ಎರಡು ಗುಂಡಿಗಳು: ‘ಸೇವ್’, ‘ಡಿಲೀಟ್’. ಇವನು ಅಳತೆ ಕೆಡಿಸದೆ, ಬಣ್ಣ ಬದಲಿಸದೆ, ಆ ಎರಡು ಮಾತುಗಳನ್ನಷ್ಟೆ ತೆಗೆದು ಕನ್ನಡದ ಮಾತುಗಳನ್ನು ಕೂರಿಸಿದ್ದ.

ನಾನು ಒಂದು ಕಾಗದವನ್ನು ತೆಗೆದುಕೊಂಡು ಆ ಎರಡು ಮಾತುಗಳನ್ನೂ ಒಂದರ ಕೆಳಗೊಂದು ಬರೆದೆ. ಉಳಿಸಿ. ಅಳಿಸಿ. “ಇದು ಏನು, ಹೇಳಪ್ಪ” ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ನೋಡಿ ನಕ್ಕುಬಿಟ್ಟ. “ಆದಿಪ್ರಾಸ ಐತ್ರಿ ಸರ್” ಎಂದ.

ಪ್ರಾಸವೇ ಸರಿ. ಎರಡಕ್ಕೂ ಮೂರು ಮೂರು ಅಕ್ಷರ, ಮೂರು ಮೂರು ಮಾತ್ರೆ. ಕಡೆಯ ಎರಡು ಅಕ್ಷರಗಳು ಒಂದೇ. ಮೊದಲ ಅಕ್ಷರ ಎರಡರಲ್ಲಿಯೂ ಸ್ವರ. ಪದ್ಯದಲ್ಲಿ ಬಂದಿದ್ದರೆ ಕಿವಿಗೆ ಹಬ್ಬ. ಕರೆಂಟು ಹೋದ ಪಡಸಾಲೆಯಲ್ಲಿ, ಅರವತ್ತು ದಾಟಿದ ಕಣ್ಣಿಗೆ, ಮೂರು ತಿಂಗಳ ಲೆಕ್ಕಕ್ಕೆ ಮೃತ್ಯು. ಇಂಗ್ಲಿಷಿನ ಆ ಎರಡು ಮಾತುಗಳು ಮೊದಲ ಅಕ್ಷರದಲ್ಲಿ, ಉದ್ದದಲ್ಲಿ, ಆಕಾರದಲ್ಲಿ ಬೇರೆಬೇರೆಯಾಗಿರುವುದರಿಂದ ಅವನ್ನು ಪಕ್ಕದಲ್ಲಿಟ್ಟರೂ ಕಣ್ಣು ಅಷ್ಟಾಗಿ ತಪ್ಪದು. ಆ ಪರದೆಯನ್ನು ಮಾಡಿದವನು ತನ್ನ ಭಾಷೆಯ ಮಟ್ಟಿಗೆ ಸರಿಯಾಗಿಯೇ ಮಾಡಿದ್ದ. ನಮ್ಮವನು ತಂದದ್ದು ಅದರ ಪ್ರತಿಬಿಂಬವನ್ನು.

ಮತ್ತೆ ನೋಡುತ್ತ ಹೋದಂತೆ ಇನ್ನೂ ಕೆಲವು ಸಂಗತಿಗಳು ಕಣ್ಣಿಗೆ ಬಿದ್ದವು. ಇಂಗ್ಲಿಷಿನ ಸಾಲಿಗೆ ಸಾಕಾಗುವ ಎತ್ತರ ಕನ್ನಡಕ್ಕೆ ಸಾಲದು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಡಿಸುಗಳು ಮೇಲೆ ಏರುತ್ತವೆ. ಅವನ ಪರದೆಯಲ್ಲಿ ‘ಮೊತ್ತ’ ಎಂಬುದರ ತಾವತ್ತು ಅರ್ಧ ಕತ್ತರಿಸಿಹೋಗಿತ್ತು. ಎರಡನೆಯದಾಗಿ, ನಮ್ಮ ಪದಗಳು ವಿಭಕ್ತಿಯನ್ನೂ ಕ್ರಿಯಾಪ್ರತ್ಯಯಗಳನ್ನೂ ಮೈಗೆ ಅಂಟಿಸಿಕೊಂಡು ಬೆಳೆಯುವ ಪದಗಳು. ‘ಹಿಂದಿರುಗಿಸಬೇಕಾದ’ ಎಂಬುದು ಗುಂಡಿಯಲ್ಲಿ ಹಿಡಿಸದೆ ‘ಹಿಂದಿರು’ ಎಂಬಲ್ಲಿಗೆ ನಿಂತು, ಮುಂದೆ ಮೂರು ಚುಕ್ಕೆಗಳಾಗಿತ್ತು. ಸಾಲ ತೀರಿಸಬಂದವಳಿಗೆ ಯಂತ್ರವು ‘ಹಿಂದಿರು’ ಎಂದು ಬುದ್ಧಿ ಹೇಳುತ್ತಿತ್ತು!

ಮೂರನೆಯ ಸಂಗತಿ ವ್ಯಾಕರಣದ್ದು. ನನಗೆ ಎಲ್ಲಕ್ಕಿಂತ ರುಚಿಸಿದ್ದೂ ಅದೇ. ಇಂಗ್ಲಿಷಿನ ಗುಂಡಿಯ ಮಾತಿನಲ್ಲಿ ಹೇಳುವವರು ಯಾರು, ಕೇಳುವವರು ಯಾರು ಎಂಬುದು ಗೊತ್ತಾಗುವುದಿಲ್ಲ; ಅಲ್ಲಿಯ ಧಾತುವಿಗೆ ಆ ಹಂಗಿಲ್ಲ. ಕನ್ನಡದಲ್ಲಿ ಅದನ್ನು ಮರೆಮಾಚಲು ಬರುವುದಿಲ್ಲ. ‘ಉಳಿಸು’ ಎಂದರೆ ಹೇಳುವವರು ನಾವು, ಕೇಳುವುದು ಯಂತ್ರ. ‘ಉಳಿಸಿ’ ಎಂದರೆ ಹೇಳುವುದು ಯಂತ್ರ, ಕೇಳಬೇಕಾದವರು ನಾವು. ನಾವು ದಿನವೂ ನೋಡುವ ಕನ್ನಡದ ಪರದೆಗಳಲ್ಲಿ ಈ ಎರಡೂ ರೂಪಗಳು ಬೆರೆತು ಬಂದಿರುತ್ತವೆ. ಯಾರು ಆಳು, ಯಾರು ಒಡೆಯ ಎಂಬುದನ್ನು ನಿರ್ಧರಿಸದೆಯೇ ಭಾಷಾಂತರ ನಡೆದಿದೆ ಎಂಬುದಕ್ಕೆ ಇದು ಗುರುತು. ನಾವಿಬ್ಬರೂ ಆ ಸಂಜೆ ಅವನ ಸಂಗ್ರಹದಲ್ಲಿ ಎರಡು ಗಂಟೆ ತಡಕಾಡಿದೆವು. ಈ ತೊಡಕನ್ನು ಬಿಡಿಸಿಕೊಂಡ ಕನ್ನಡದ ಪರದೆ ಒಂದೂ ನಮ್ಮ ಕಣ್ಣಿಗೆ ಬೀಳಲಿಲ್ಲ. ನೋಡಿದ ನೂರರಲ್ಲಿ ನಮ್ಮದೊಂದೂ ಇಲ್ಲದಿದ್ದರೆ, ಮಾಡುವ ಒಂದು ನಮ್ಮದಾಗುವುದು ಹೇಗೆ?

* * *

ಹಾಗೆಂದು ನಮ್ಮಲ್ಲಿ ನೋಡತಕ್ಕ ಮಾದರಿಗಳೇ ಇಲ್ಲವೆಂದು ತಿಳಿಯಬಾರದು. ಅವು ಆ ಸಂಗ್ರಹಗಳಲ್ಲಿಲ್ಲ, ಅಷ್ಟೆ.

ಒಂದು ದಾನಶಾಸನದ ಕಲ್ಲನ್ನು ನೆನೆಯಿರಿ. ನೆತ್ತಿಯಲ್ಲಿ ಸೂರ್ಯ ಚಂದ್ರರು, ನಡುವೆ ಲಿಂಗ, ಪಕ್ಕದಲ್ಲಿ ಕರುವಿಗೆ ಹಾಲೂಡುವ ಹಸು. ಅಕ್ಷರ ಬಾರದ ಒಕ್ಕಲಿಗನಿಗೂ ಅದನ್ನು ನೋಡಿದೊಡನೆ ಇದು ದತ್ತಿಯ ಭೂಮಿ, ಸೂರ್ಯಚಂದ್ರರಿರುವತನಕ ನಡೆಯತಕ್ಕದ್ದು ಎಂಬುದು ತಿಳಿಯುತ್ತಿತ್ತು. ಹೊಲದ ಎಲ್ಲೆಯಲ್ಲಿ ನೆಡುತ್ತಿದ್ದ ಲಿಂಗಮುದ್ರೆಯ ಕಲ್ಲು, ವಾಮನಮುದ್ರೆಯ ಕಲ್ಲು ಇವೂ ಅಂಥವೇ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಮನುಷ್ಯ ಏರುವ ದಿಕ್ಕಿನಲ್ಲಿಯೇ ಕಣ್ಣೂ ಏರುತ್ತದೆ. ಇಂದು ವಿನ್ಯಾಸಕಾರರು ಚಿತ್ರಸಂಕೇತ, ಓದಿನ ಕ್ರಮ ಎಂದು ಹೆಸರಿಟ್ಟು ಚರ್ಚಿಸುವ ವಿಷಯಗಳನ್ನು ನಮ್ಮ ಕಲ್ಲುಕುಟಿಗರು ಉಳಿಯ ತುದಿಯಲ್ಲಿ ತೀರ್ಮಾನಿಸಿದ್ದರು. ಒಂದೊಂದು ಪುಟದಲ್ಲಿ ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳನ್ನು ಇಕ್ಕಟ್ಟಾಗಿ ಸೇರಿಸಿಯೂ ತಡವರಿಸದಂತೆ ಮಾಡಿದ ನಮ್ಮ ಪಂಚಾಂಗವನ್ನು ಯಾವ ಸಂಗ್ರಹಕಾರನೂ ಚಿತ್ರ ತೆಗೆದಿಟ್ಟಂತಿಲ್ಲ.

ಇತ್ತೀಚಿನ ಉದಾಹರಣೆಯೇ ಬೇಕೆಂದರೆ ಕರ್ನಾಟಕದ ‘ಭೂಮಿ’ ಯೋಜನೆ ಇದೆ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, 2000ದ ಆಸುಪಾಸಿನಲ್ಲಿ ತಾಲ್ಲೂಕು ಕಚೇರಿಗಳಲ್ಲಿ ಕಿಟಕಿಗಳನ್ನು ತೆರೆದರು. 15 ರೂಪಾಯಿ ಕೊಟ್ಟವರಿಗೆ ಪಹಣಿಯ ಪ್ರತಿ ಸಿಗುವಂತಾಯಿತು. ಆ ಕಿಟಕಿಗಳಲ್ಲಿ ನೌಕರನ ಎದುರಿಗೆ ಒಂದು ಪರದೆಯಿದ್ದರೆ, ರೈತನ ಕಡೆಗೆ ಮುಖಮಾಡಿ ಇನ್ನೊಂದು ಪರದೆಯನ್ನು ಇಟ್ಟರು. ಒಳಗೆ ತನ್ನ ಹೊಲದ ಮೇಲೆ ಏನು ಬರೆಯುತ್ತಿದ್ದಾರೆಂಬುದನ್ನು ಹೊರಗೆ ನಿಂತವನು ಕಣ್ಣಾರೆ ನೋಡಬಹುದಾಗಿತ್ತು. ತೂಕದ ಮುಳ್ಳು ಕೊಳ್ಳುವವನಿಗೂ ಕಾಣಬೇಕೆಂಬ ಸಂತೆಯ ನ್ಯಾಯವೇ ಇದು. ಈ ವಿನ್ಯಾಸದ ಚೆಲುವು ಬಣ್ಣದಲ್ಲಿರಲಿಲ್ಲ, ಗುಂಡಿಯ ಅಂಚಿನಲ್ಲಿರಲಿಲ್ಲ. ಪರದೆ ಯಾರ ಕಡೆಗೆ ತಿರುಗಿದೆ ಎಂಬುದರಲ್ಲಿತ್ತು. ಚಿತ್ರ ತೆಗೆದಿಟ್ಟುಕೊಂಡ ಪರದೆಯಲ್ಲಿ ಇಂಥದು ಕಾಣಿಸುವುದೇ ಇಲ್ಲ. ಪರದೆಯ ಮುಂದೆ ಕುಳಿತವರು ಯಾರು, ಅವರ ಕೈಯಲ್ಲಿ ಏನಿದೆ, ಅವರ ಅಂಜಿಕೆ ಏನು ಎಂಬುದು ಚಿತ್ರದ ಚೌಕದಿಂದ ಹೊರಗೆ ಉಳಿದುಬಿಡುತ್ತದೆ.

ಇದನ್ನೆಲ್ಲ ನಾನು ಶಿಷ್ಯನ ಮುಂದೆ ಉತ್ಸಾಹದಿಂದ ಹೇಳುತ್ತಿದ್ದೆ. ಉಪಾಧ್ಯಾಯರಿಗೆ ಇದೊಂದು ದೌರ್ಬಲ್ಯ. ಒಳಗಿನಿಂದ ಅತ್ತೆ ಬಂದು, ನನ್ನ ಮಾತನ್ನು ತಡೆದು, ಆ ಕೆಂಪು ಬಟ್ಟೆಯ ಪುಸ್ತಕವನ್ನು ಹುಡುಗನ ಮುಂದಿಟ್ಟರು.

“ತಮ್ಮಾ, ಕಲ್ಲು ಆಮ್ಯಾಲೆ ನೋಡೂವಂತಿ. ಮೊದ್ಲ ಇದನ್ನ ನೋಡು” ಎಂದರು.

* * *

ಹುಡುಗ ಪುಟಗಳನ್ನು ತಿರುವಿದ. ಹತ್ತು ವರ್ಷದ ಬರಹ. ಒಬ್ಬೊಬ್ಬರಿಗೆ ಒಂದೊಂದು ಹಾಳೆ; ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು. ಓದು ಬಾರದ ಇಬ್ಬರ ಹಾಳೆಗಳ ಮೇಲೆ ಹೆಸರಿನ ಪಕ್ಕದಲ್ಲಿ ಅತ್ತೆ ಒಂದು ಬಾಳೆ ಎಲೆಯನ್ನೂ ಒಂದು ಕೊಡವನ್ನೂ ಬಿಡಿಸಿದ್ದರು. ತಮ್ಮ ಹಾಳೆಯನ್ನು ತಾವೇ ಗುರುತಿಸಲಿ ಎಂದು. ಅಲ್ಲಲ್ಲಿ ತಪ್ಪುಗಳಾಗಿದ್ದವು. ಆದರೆ ಒಂದನ್ನೂ ಉಜ್ಜಿ ಅಳಿಸಿರಲಿಲ್ಲ. ತಪ್ಪಿದ ಅಂಕಿಯ ಮೇಲೆ ಒಂದೇ ಒಂದು ಗೆರೆ ಎಳೆದು, ಸರಿಯಾದುದನ್ನು ಪಕ್ಕದಲ್ಲಿ ಬರೆದು, ಅಂದು ಹಾಜರಿದ್ದ ಒಬ್ಬಳ ಹೆಬ್ಬೆರಳಿನ ಗುರುತನ್ನೋ ರುಜುವನ್ನೋ ಹಾಕಿಸಿದ್ದರು. ಗೆರೆಯ ಕೆಳಗೆ ಹಳೆಯ ಅಂಕಿ ಚೆನ್ನಾಗಿ ಓದುವಂತೆಯೇ ಇತ್ತು.

“ಅಳಿಸಬಾರದೇನ್ರಿ ಅಮ್ಮಾರ?” ಎಂದು ಹುಡುಗ ಕೇಳಿದ.

“ಅಳಿಸಿದ್ರ ಲೆಕ್ಕ ಹೆಂಗಾದೀತು? ತಪ್ಪೂ ಕಾಣಬೇಕು, ತಿದ್ದಿದ್ದೂ ಕಾಣಬೇಕು. ಕಂಡ್ರ ಅಲ್ಲೇನು ನಂಬೂದು?”

ನಾನು ಎರಡು ಗಂಟೆ ಹೇಳಿದ್ದಕ್ಕಿಂತ ಈ ಮಾತು ಅವನ ಮನಸ್ಸಿಗೆ ಹೆಚ್ಚು ನಾಟಿತೆಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಲೆಕ್ಕದ ಶಾಸ್ತ್ರ ಬಲ್ಲವರೆಲ್ಲ ಪಾಲಿಸುವ ನಿಯಮವೇ ಅದು. ಯಾರೂ ಕಲಿಸದೆ ಹದಿನೈದು ಹೆಂಗಸರ ನಡುವೆ ಅದು ತಾನಾಗಿ ನೆಲೆಗೊಂಡಿತ್ತು. ಅತ್ತೆಯ ಪುಸ್ತಕದಲ್ಲಿ ಇಲ್ಲದೆ ಇದ್ದ ‘ಅಳಿಸಿ’ ಎಂಬ ಕ್ರಿಯೆಯನ್ನು ಆ ಪರದೆ ಹೊರಗಿನಿಂದ ತಂದು ಅವರ ಬೆರಳಿನ ಕೆಳಗೆ ಇಟ್ಟಿತ್ತು. ಹಾಗೆ ನೋಡಿದರೆ ತಪ್ಪಿದ್ದು ಅತ್ತೆಯ ಕಣ್ಣಲ್ಲ.

ಹುಡುಗ ಮೂರು ದಿನ ದಿನವೂ ಬಂದ. ಅತ್ತೆ ಲೆಕ್ಕ ಬರೆಯುವುದನ್ನು, ಹೆಂಗಸರು ಕುಳಿತು ಮಾತನಾಡುವುದನ್ನು ನೋಡುತ್ತ ಕೂತ. ಅವರು ಹಣ ಕೊಡುತ್ತ “ಬರಕೋ ಯಕ್ಕಾ” ಎನ್ನುವುದು, ತಪ್ಪು ಕಂಡಾಗ “ಅದರ ಮ್ಯಾಲೆ ಗೆರಿ ಎಳಿ” ಎನ್ನುವುದು ಇವೆಲ್ಲವನ್ನೂ ಒಂದು ಕಾಗದದಲ್ಲಿ ಗುರುತು ಮಾಡಿಕೊಂಡ. ತನ್ನ ಸಂಗ್ರಹವನ್ನೂ ಅವನು ಬಿಟ್ಟುಬಿಡಲಿಲ್ಲ, ಬಿಡುವುದೂ ಸರಿಯಲ್ಲ. ಬಿದ್ದುಹೋದ ಬರಹವನ್ನು ಮತ್ತೆ ತರುವ ಉಪಾಯವನ್ನು, ತಿದ್ದುಪಡಿಯ ದಿನಾಂಕವನ್ನು ಸಣ್ಣ ಅಕ್ಷರದಲ್ಲಿ ತೋರಿಸುವ ಕ್ರಮವನ್ನು ಆ ಪರದೇಶದ ಪರದೆಗಳಿಂದಲೇ ಕಲಿತ. ಆದರೆ ಈ ಸಲ ಏನನ್ನು ಹುಡುಕಬೇಕೆಂಬುದು ಅವನಿಗೆ ಮೊದಲೇ ತಿಳಿದಿತ್ತು.

ಹೊಸ ಪರದೆಯಲ್ಲಿ ‘ಉಳಿಸಿ’ಯೂ ಇಲ್ಲ, ‘ಅಳಿಸಿ’ಯೂ ಇಲ್ಲ. ಕೆಳಗೆ ಅಗಲವಾದ ಒಂದೇ ಗುಂಡಿ: ‘ಬರೆದುಕೋ’. ಹೇಳುವವರು ಅತ್ತೆ, ಕೇಳುವುದು ಯಂತ್ರ; ಈ ವಿಷಯದಲ್ಲಿ ಇನ್ನು ಸಂದೇಹವಿಲ್ಲ. ತಪ್ಪಾದ ಸಾಲನ್ನು ಮುಟ್ಟಿದರೆ ಅದರ ಬಲಗಡೆಯಲ್ಲಿ, ಮೊದಲಿನ ಗುಂಡಿಯಿಂದ ದೂರದಲ್ಲಿ, ‘ಗೆರೆ ಎಳೆ’ ಎಂದು ಬರುತ್ತದೆ. ಎಳೆದರೆ ಸಾಲು ಮಾಯವಾಗುವುದಿಲ್ಲ. ಗೆರೆ ಹೊತ್ತುಕೊಂಡು ಅಲ್ಲಿಯೇ ಇರುತ್ತದೆ. ‘ಖಚಿತವೆ?’ ಎಂಬ ಪ್ರಶ್ನೆಯನ್ನು ತೆಗೆದುಹಾಕಿ, ‘ಈ ಸಾಲಿನ ನೂರು ರೂಪಾಯಿಗೆ ಗೆರೆ ಎಳೆಯಲೆ?’ ಎಂದು ಯಂತ್ರ ಕೇಳುವಂತೆ ಮಾಡಿದ್ದಾನೆ. ಸಾಲುಗಳ ನಡುವೆ ಒತ್ತಕ್ಷರಗಳು ಕಾಲು ಚಾಚಲು ಸ್ಥಳ ಬಿಟ್ಟಿದ್ದಾನೆ. ಇಬ್ಬರ ಹೆಸರುಗಳ ಪಕ್ಕದಲ್ಲಿ ಒಂದು ಬಾಳೆ ಎಲೆ, ಒಂದು ಕೊಡ.

ನಾನು ಊರಿಗೆ ಹೊರಡುವ ಹಿಂದಿನ ದಿನ ಸಂಘ ಕೂಡಿತು. ಹುಡುಗ ಮೊಬೈಲನ್ನು ಅತ್ತೆಯ ಕೈಗೆ ಕೊಟ್ಟ. ಅತ್ತೆ ಕನ್ನಡಕವನ್ನು ಸರಿಮಾಡಿಕೊಂಡು, ಮೊದಲು ತಮ್ಮ ನೂರು ರೂಪಾಯಿಯನ್ನೇ ಬರೆದರು. ಆಮೇಲೆ ಬೇಕೆಂದೇ ಅದರ ಮೇಲೆ ಗೆರೆ ಎಳೆದರು. ಗೆರೆಯ ಕೆಳಗೆ ಅಂಕಿ ಕಾಣುತ್ತಿತ್ತು. ಮೊಬೈಲನ್ನು ಪಕ್ಕದವಳ ಕಡೆಗೆ ತಿರುಗಿಸಿದರು. ಅವಳು ನೋಡಿ ಇನ್ನೊಬ್ಬಳಿಗೆ ಕೊಟ್ಟಳು. ಹೀಗೆ ಅದು ಹದಿನೈದು ಕೈಗಳನ್ನು ಸುತ್ತಿ ಮತ್ತೆ ಅತ್ತೆಯ ಬಳಿಗೆ ಬಂತು.

ಬಳಿಕ ಅವರು ಕೆಂಪು ಪುಸ್ತಕವನ್ನೂ ತೊಡೆಯ ಮೇಲೆ ತೆಗೆದುಕೊಂಡರು. “ಇದ್ರಾಗೂ ಬರೀತೀನಿ. ಅದು ಇನ್ನಾ ಹೊಸಾದು” ಎಂದು ಹುಡುಗನ ಕಡೆಗೆ ನೋಡಿ ಹೇಳಿದರು. ಹೆಂಗಸರು ಒಬ್ಬೊಬ್ಬರಾಗಿ ಹಣ ಕೊಟ್ಟು ಎದ್ದರು. ಆ ದಿನ ಯಾರೂ ಎರಡು ಸಲ ಎಣಿಸಲಿಲ್ಲ.